ಅಪ್ಪನ ಬೂತ್ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ

2023ರ ಮೇ 13, ಶನಿವಾರ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ಬೆಳಗ್ಗೆ ಎಂಟಕ್ಕೇ ಟಿ.ವಿ. ಮುಂದೆ ಕೂತಿದ್ದೆವು. ಉಳಿದ ಇಬ್ಬರಿಗೆ ಅದು ಐಪಿಎಲ್ ಮ್ಯಾಚ್ ಇದ್ದ ಹಾಗೆ. ಯಾರು ಲೀಡು, ಯಾರು ಔಟು ಅಂತ ಚಹಾ ಕುಡಿಯುತ್ತಾ ನೋಡುತ್ತಿದ್ದರು. ನನಗೆ ಮಾತ್ರ ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಒಂದೇ ಹೆಸರು ಬೇಕಿತ್ತು: ಟಿ. ನರಸೀಪುರ.

ಹನ್ನೊಂದರ ಹೊತ್ತಿಗೆ ಗೊತ್ತಾಗಿಹೋಯಿತು. ಕಾಂಗ್ರೆಸ್ಸಿನ ಎಚ್.ಸಿ. ಮಹದೇವಪ್ಪ ಮುಂದಿದ್ದರು, ಜೆಡಿಎಸ್‌ನ ಹಾಲಿ ಶಾಸಕ ಎಂ. ಅಶ್ವಿನ್ ಕುಮಾರ್ ಹಿಂದೆ. ಕೊನೆಗೆ ಅಂತರ 18 ಸಾವಿರ ದಾಟಿತು. ರಾಜ್ಯದ ಲೆಕ್ಕ ಇನ್ನೂ ಕೆಟ್ಟದಾಗಿತ್ತು. 2018ರಲ್ಲಿ 37 ಸ್ಥಾನ ಗೆದ್ದಿದ್ದ ಜೆಡಿಎಸ್ 19ಕ್ಕೆ ಇಳಿದಿತ್ತು.

ಅಪ್ಪನಿಗೆ ಫೋನ್ ಮಾಡಿದೆ. ಎತ್ತಿದ್ದು ಅವ್ವ.

'ಗದ್ದೆ ತಾವ್ಕೆ ಹೋಯ್ತು ಕಣಪ್ಪ ನಿಮ್ಮಪ್ಪ. ಫೋನ್ ಮನೇಲೇ ಬುಟ್ಟು ಹೋಗದೆ.'

'ಏನ್ ಅಂತು?'

'ಏನೂ ಅನ್ನಿಲ್ಲ. ಕಾಪಿ ಕುಡೀತು. ನಾಲೇಲಿ ನೀರ್ ಬಂದದಾ ನೋಡ್ಕಬತ್ತೀನಿ ಅಂತ ಎದ್ದೋಯ್ತು.'

ಮೇ ತಿಂಗಳಲ್ಲಿ ಮಾಧವ ಮಂತ್ರಿ ನಾಲೆಯಲ್ಲಿ ನೋಡೋಕೆ ಯಾವ ನೀರಿರುತ್ತೆ ಅಂತ ಅವ್ವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮೂರು ತಲಕಾಡು. ವೀಕೆಂಡಿನಲ್ಲಿ ನೀವೂ ಬಂದಿರಬಹುದು. ಮರಳ ಮೇಲೆ ನಡೆದು ಕೀರ್ತಿನಾರಾಯಣ, ವೈದ್ಯೇಶ್ವರ ದೇವಸ್ಥಾನ ನೋಡಿ, ಕಾವೇರಿಯಲ್ಲಿ ಕಾಲು ಅದ್ದಿ, ಸಂಜೆಗೆ ಬೆಂಗಳೂರಿಗೆ ವಾಪಸ್ಸು. ನೀವು ಕಾರು ನಿಲ್ಲಿಸುವ ಜಾಗದಿಂದ ನಮ್ಮ ಬೀದಿ ದೂರವಿಲ್ಲ. ಆ ಬೀದಿಯ ಸ್ಕೂಲಿನಲ್ಲಿರುವ ಮತಗಟ್ಟೆಯಲ್ಲಿ ಅಪ್ಪ ಬೂತ್ ಏಜೆಂಟ್. ಮೊದಲು ಕೂತದ್ದು 1994ರಲ್ಲಿ, ಜನತಾದಳದ ಚಕ್ರದ ಗುರುತಿಗೆ. ನಾನು ಹುಟ್ಟಿದ್ದೂ ಅದೇ ಸುಮಾರಿನಲ್ಲಿ. ನನ್ನ ನಾಮಕರಣಕ್ಕೆ ಅಪ್ಪ ತಡವಾಗಿ ಬಂದದ್ದು ಎಲೆಕ್ಷನ್ ಕೆಲಸದಿಂದ ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ. ಆವತ್ತು ಅಪ್ಪ ಓಟು ಕೇಳಿದ್ದು ಯಾರಿಗೆ ಗೊತ್ತಾ? ಇದೇ ಮಹದೇವಪ್ಪನವರಿಗೆ. ಅವರು ಆಗ ಜನತಾದಳ. 2004ರಲ್ಲಿ ಜೆಡಿಎಸ್. ಆಮೇಲೆ ಸಿದ್ದರಾಮಯ್ಯನವರ ಜೊತೆ ಕಾಂಗ್ರೆಸ್ಸಿಗೆ ಹೋದರು. ನಮ್ಮ ಕಡೆಯ ರಾಜಕೀಯ ಅಂದರೆ ಹೀಗೇ, ಒಂದೇ ಮನೆಯ ಅಣ್ಣತಮ್ಮಂದಿರು ಹಿಸ್ಸೆ ಆದ ಹಾಗೆ. ನಾಯಕರು ಆ ಕಡೆ ಹೋದರು, ಅಪ್ಪನಂಥವರು ಈ ಕಡೆ ಉಳಿದುಕೊಂಡರು. ಯಾಕೆ ಉಳಿದೆ ಅಂತ ಕೇಳಿದರೆ, 'ನಮ್ಮುನ್ನ ಯಾರ್ ಕರದ್ರು?' ಅಂತ ನಗುತ್ತಾನೆ.

ಈಗ ನನ್ನ ತಪ್ಪಿನ ವಿಷಯ. ಅದನ್ನು ಹೇಳದೆ ಮುಂದೆ ಹೋಗೋದು ಸರಿಯಲ್ಲ.

ಮೇ 10, ಬುಧವಾರ, ಮತದಾನ. ಆಫೀಸಿನಲ್ಲಿ ರಜೆ ಕೊಟ್ಟಿದ್ದರು. ಆದರೆ ಗುರುವಾರ ಬೆಳಗ್ಗೆ ಒಂದು ರಿಲೀಸ್ ಇತ್ತು. ಮಂಗಳವಾರ ರಾತ್ರಿ ಬಸ್ ಹತ್ತಿ, ಬುಧವಾರ ಓಟು ಹಾಕಿ, ಸಂಜೆ ಮತ್ತೆ ಬಸ್ ಹತ್ತಿದ್ದರೆ ಆಗುತ್ತಿತ್ತು. ಕನಕಪುರ, ಮಳವಳ್ಳಿ ಮೇಲೆ ಬಂದರೆ ಮೂರೂವರೆ, ನಾಲ್ಕು ಗಂಟೆಯ ದಾರಿ. 2018ರಲ್ಲಿ ಹಾಗೇ ಮಾಡಿದ್ದೆ. ಆಗ ಮತದಾನ ಶನಿವಾರ ಇತ್ತು, ಹೊಸ ಕೆಲಸ, ಹೊಸ ಹುರುಪು. ಈ ಸಲ ಮಲಗಿಬಿಟ್ಟೆ. ಎದ್ದಾಗ ಹತ್ತೂವರೆ. ಒಂದು ಓಟಿನಿಂದ ಏನಾಗುತ್ತೆ ಬಿಡು ಅಂತ ನನಗೆ ನಾನೇ ಹೇಳಿಕೊಂಡೆ. ಅಪ್ಪನಿಗೆ ಫೋನ್ ಮಾಡಿ, 'ಆಫೀಸಲ್ಲಿ ಬಿಡಲಿಲ್ಲ' ಅಂದೆ. ಅದು ಸುಳ್ಳು. ಅಪ್ಪ, 'ಆಯ್ತು ಬುಡು ಮಗ' ಅಂದ. ಹಿಂದೆ ಬೂತಿನ ಗದ್ದಲ ಕೇಳುತ್ತಿತ್ತು.

ಒಂದು ಓಟಿನ ಬಗ್ಗೆ ನಮ್ಮ ಕಡೆಯವರ ಮುಂದೆ ಹಗುರವಾಗಿ ಮಾತಾಡಬಾರದು. ಹೊಳೆ ಆಚೆ ಸಂತೇಮರಹಳ್ಳಿ ಅಂತ ಇದೆ, ಚಾಮರಾಜನಗರ ಜಿಲ್ಲೆ. ಆಗ ಅದು ಒಂದು ವಿಧಾನಸಭಾ ಕ್ಷೇತ್ರವೂ ಆಗಿತ್ತು. 2004ರಲ್ಲಿ ಅಲ್ಲಿ ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿಯವರಿಗೆ ಬಿದ್ದದ್ದು 40,751 ಓಟು. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752. ಒಂದೇ ಒಂದು ಓಟು. ಆಗ ನಾನು ಪ್ರೈಮರಿ ಸ್ಕೂಲು. ಅಪ್ಪ ಆ ಕತೆಯನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಓಟು ಹಾಕೋಕೆ ಸೋಮಾರಿತನ ಮಾಡುವವರ ಮನೆ ಬಾಗಿಲಿಗೆ ಹೋಗಿ, 'ಸಂತೇಮರಹಳ್ಳಿ ನೆಪ್ಪದಾ?' ಅಂತ ಕೇಳುವುದು ಅವನ ಖಾಯಂ ವರಸೆ. ಸೋತ ಕೃಷ್ಣಮೂರ್ತಿಯವರು ಮತ್ತೆ ವಿಧಾನಸಭೆಗೆ ಹೋಗಿದ್ದು 2023ರಲ್ಲಿ, ಕೊಳ್ಳೇಗಾಲದಿಂದ, ಅದೂ ಕಾಂಗ್ರೆಸ್ಸಿನಿಂದ. ಹತ್ತೊಂಬತ್ತು ವರ್ಷ ಆಯಿತು.

ನನ್ನ ಓಟು ಬಿದ್ದಿದ್ದರೂ 18 ಸಾವಿರದ ಅಂತರ ಅಳ್ಳಾಡುತ್ತಿರಲಿಲ್ಲ, ಅದು ಗೊತ್ತು. ಆದರೆ ಆ ಸಲ ಊರಿಗೆ ಹೋದಾಗ ಅಪ್ಪ ನನಗೆ ಸಂತೇಮರಹಳ್ಳಿ ಕತೆ ಹೇಳಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಫಲಿತಾಂಶ ಬಂದ ಮುಂದಿನ ವಾರವೇ ಹೋಗಿದ್ದೆ. ಮನೆಗೆ ಕಾಲಿಟ್ಟಾಗ ಅಪ್ಪ ಜಗುಲಿಯಲ್ಲಿ ಒಂದು ಲಾಂಗ್ ನೋಟ್‌ಬುಕ್, ಪಕ್ಕದಲ್ಲಿ ಮತದಾರರ ಪಟ್ಟಿ ಇಟ್ಟುಕೊಂಡು ಕೂತಿದ್ದ. ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಅವ್ವ ಸಣ್ಣ ದನಿಯಲ್ಲಿ ಮೇ 10ರ ದಿನದ ಕತೆ ಹೇಳಿದಳು.

ಬೂತ್ ಏಜೆಂಟ್ ಕೆಲಸ ಹೇಗಿರುತ್ತೆ ಅಂತ ನಮ್ಮಲ್ಲಿ ಬಹಳಷ್ಟು ಜನಕ್ಕೆ ಗೊತ್ತಿರಲ್ಲ. ನಾವು ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಸೆಲ್ಫಿ ತಗೊಂಡು ಬರುವವರು. ಅಲ್ಲಿ ಗೋಡೆ ಪಕ್ಕ ಬೆಂಚಿನ ಮೇಲೆ ಪಟ್ಟಿ ಹಿಡಿದು ಕೂತಿರುತ್ತಾರಲ್ಲ, ಅವರ ದಿನ ಬೆಳಗಿನ ಜಾವಕ್ಕೇ ಶುರು. ಅಭ್ಯರ್ಥಿಯ ಸಹಿ ಇರುವ ಫಾರಂ 10 ಕೊಟ್ಟು ಒಳಗೆ ಹೋಗಬೇಕು. ನಿಜವಾದ ಮತದಾನಕ್ಕೆ ಮೊದಲು ಅಣಕು ಮತದಾನ, ಕನಿಷ್ಠ 50 ಓಟು. ಎಲ್ಲ ಪಕ್ಷದವರೂ ನೋಡಿ, ಲೆಕ್ಕ ತಾಳೆ ಆದ ಮೇಲೆ ಅದನ್ನು ಅಳಿಸಿ, ಯಂತ್ರಕ್ಕೆ ಸೀಲು. ಏಳರಿಂದ ಸಂಜೆ ಆರರವರೆಗೆ ಬಂದವರ ಹೆಸರಿಗೆ ಒಂದೊಂದೇ ಗುರುತು. ಕೊನೆಗೆ ಎಷ್ಟು ಓಟು ಬಿತ್ತು ಅಂತ ಬರೆದ 17ಸಿ ಫಾರಂ ಇಸಿದುಕೊಳ್ಳಬೇಕು. ಮಧ್ಯೆ ಊಟಕ್ಕೆ, ಬಯಲಿಗೆ ಹೋಗಬೇಕೆಂದರೆ ಬದಲಿಗೆ ಇನ್ನೊಬ್ಬ ಏಜೆಂಟ್ ಇರಬೇಕು.

ಆವತ್ತು ಬದಲಿ ಇರಲಿಲ್ಲ. ಇರಬೇಕಿದ್ದ ಹಿರಿಯರೊಬ್ಬರಿಗೆ ಬಿಸಿಲಿಗೆ ಹಿಂದಿನ ದಿನವೇ ಮೈ ಹುಷಾರು ತಪ್ಪಿತ್ತು. ಅಪ್ಪ ಬೆಳಗ್ಗೆಯಿಂದ ಏನೂ ತಿನ್ನದೆ ಕೂತಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಎರಡರ ಸುಮಾರಿಗೆ ಬೆವೆತು, ಕಣ್ಣು ಮಂಜಾಗಿ ಗೋಡೆಗೆ ಒರಗಿಬಿಟ್ಟನಂತೆ. ಎದುರು ಪಕ್ಷದ ಏಜೆಂಟು ತನ್ನ ಜೇಬಿನಲ್ಲಿದ್ದ ಬಿಸ್ಕತ್ತು ಕೊಟ್ಟು, ನೀರು ಕುಡಿಸಿ, 'ಯಣ್ಣೋ, ನಿನ್ ಪಟ್ಟಿ ಇತ್ಲಾಗ್ ಕೊಡು, ನಾ ಗುರ್ತ್ ಮಾಡ್ತೀನಿ' ಅಂದರಂತೆ. ಅಪ್ಪ ಪಟ್ಟಿ ಕೊಡಲಿಲ್ಲ. ಬಿಸ್ಕತ್ತು ತಿಂದ.

'ನೀನ್ ಬಂದಿದ್ರೆ ಬದ್ಲಿಗ್ ಕೂತ್ಕತಿದ್ದೆ ಅಂತ ನಾ ಅಂದೆ,' ಅಂದಳು ಅವ್ವ. 'ಅದುಕ್ಕೆ ನಿಮ್ಮಪ್ಪ, ಅವನ್ಗೆ ಕೆಲ್ಸ ಇತ್ತು ಸುಮ್ನಿರು ಅಂತು.'

ಹೊರಗೆ ಬಂದು ಅಪ್ಪನ ಪಕ್ಕ ಕೂತೆ. ಅವನು ಬೂತಿನಲ್ಲಿ ಹಾಕಿದ ಗುರುತುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುತ್ತಿದ್ದ. ಮನೆಯ ಪ್ರಕಾರ, ಬೀದಿಯ ಪ್ರಕಾರ. ಓಟು ಹಾಕಿದವರಿಗೆ ಟಿಕ್. ಹಾಕದೇ ಇದ್ದವರಿಗೆ ಸೊನ್ನೆ. ಕೆಲವು ಹೆಸರುಗಳ ಮುಂದೆ ಬೇರೆ ಏನೋ ಇತ್ತು: 'ಊ.ಇ.'

'ಇದೇನಪ್ಪ?'

'ಊರಲ್ಲಿಲ್ಲ.'

ನನ್ನ ಹೆಸರು ಹುಡುಕಿದೆ. ಊ.ಇ. ನನ್ನ ಜೊತೆ ಓದಿದವನು, ಈಗ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾನೆ: ಊ.ಇ. ಮೈಸೂರಿನ ಫ್ಯಾಕ್ಟರಿಯಲ್ಲಿರುವವನು, ನರ್ಸಿಂಗ್ ಓದಿ ಕೆಲಸಕ್ಕೆ ಹೋದವಳು, ಅಣ್ಣತಮ್ಮಂದಿರು ಇಬ್ಬರೂ ಗಾರೆ ಕೆಲಸಕ್ಕೆ ಹೋದ ಮನೆ. ಎಣಿಸುತ್ತಾ ಹೋದೆ. ಐವತ್ತು ದಾಟಿದ ಮೇಲೆ ನಿಲ್ಲಿಸಿದೆ. ಎಲ್ಲರೂ ನನ್ನ ವಯಸ್ಸಿನ ಆಸುಪಾಸು.

ಇಂಜಿನಿಯರ್ ಅಲ್ವಾ, ನನ್ನ ಕೈ ಸುಮ್ಮನಿರಲ್ಲ. ಬೂತ್‌ವಾರು ಯಾರಿಗೆ ಎಷ್ಟು ಬಿತ್ತು ಅನ್ನೋ ಫಾರಂ 20 ಅನ್ನು ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಮುಂದೆ ಅದು ಬಂದಾಗ ಡೌನ್‌ಲೋಡ್ ಮಾಡಿಕೊಂಡು, 2018ರದ್ದನ್ನೂ ತೆಗೆದು, ಎರಡು ರಾತ್ರಿ ಕೂತು ಎಕ್ಸೆಲ್‌ಗೆ ಹಾಕಿದೆ. ಬಣ್ಣ ಬಣ್ಣದ ಚಾರ್ಟು. ಎಲ್ಲಿ ಎಷ್ಟು ಇಳಿದಿದೆ, ಕೆಂಪಲ್ಲಿ. ಊರಿಗೆ ಹೋದಾಗ ಲ್ಯಾಪ್‌ಟಾಪ್ ಬಿಚ್ಚಿ ಅಪ್ಪನ ಮುಂದೆ ಪ್ರೆಸೆಂಟೇಷನ್ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಗೌರವದಿಂದಲೇ ನೋಡಿದ.

'ಪ್ರಶ್ನೆ ಏನು ಅಂದ್ರೆ, 2018ರಲ್ಲಿ ನಮಗೆ ಬಂದ ಓಟು ಎಲ್ಲಿಗೆ ಹೋಯ್ತು?' ಅಂದೆ.

'ಎಲ್ಗೂ ಹೋಗ್ನಿಲ್ಲ ಕಣ್ಲಾ. ಅವು ನಮ್ಮವಲ್ಲ.'

'ಹಂಗಂದ್ರೆ?'

'ಆವತ್ತು ಮಂತ್ರಿ ಮೇಲ್ ಸಿಟ್ ಮಾಡ್ಕಂಡೋರು ನಮ್ ತಾವ್ಕೆ ಬಂದ್ರು. ನೆಂಟ್ರು ಬಂದಂಗೆ. ನೆಂಟ್ರು ಎಷ್ಟ್ ದಿನ ಇದ್ದಾರು?'

2018ರ ಗೆಲುವು ಸಣ್ಣದಲ್ಲ. ಲೋಕೋಪಯೋಗಿ ಸಚಿವರಾಗಿದ್ದ ಮಹದೇವಪ್ಪನವರನ್ನು ಅಶ್ವಿನ್ ಕುಮಾರ್ 28 ಸಾವಿರಕ್ಕೂ ಹೆಚ್ಚು ಓಟಿನಿಂದ ಸೋಲಿಸಿದ್ದರು. ಆವತ್ತು ನಮ್ಮ ಬೀದಿಯಲ್ಲಿ ತಮಟೆ, ಪಟಾಕಿ. ಅಷ್ಟು ದೊಡ್ಡ ಗೆಲುವಾದಾಗ ಯಾರಾದರೂ ಲೆಕ್ಕದ ಪುಸ್ತಕ ತೆಗೆದು ಕೂರುತ್ತಾರಾ? ಅಪ್ಪನೂ ಕೂರಲಿಲ್ಲ. ಆ ವರ್ಷದ ನೋಟ್‌ಬುಕ್ಕೇ ಇಲ್ಲ. ಗೆದ್ದಾಗ ಬರೆಯಲಿಲ್ಲ, ಅದೇ ನಮ್ಮ ತಪ್ಪು ಅಂತ ಅವನೇ ಹೇಳಿದ. ನನ್ನ ಚಾರ್ಟು ಇಳಿಕೆ ತೋರಿಸುತ್ತಿತ್ತು. ಅಪ್ಪ ಹೇಳುತ್ತಿದ್ದದ್ದು, ಆ ಏರಿಕೆಯೇ ನಮ್ಮದಾಗಿರಲಿಲ್ಲ ಅಂತ.

ಹಾಗಿದ್ದರೆ ನಮ್ಮವು ಎಷ್ಟು? ಅದನ್ನು ತಿಳಿಯೋಕೇ ಆ ಮಳೆಗಾಲ ಪೂರ್ತಿ ಅವನು ಮನೆ ಮನೆ ಸುತ್ತಿದ್ದು. ಓಟು ಕೇಳೋಕಲ್ಲ, ಎಲೆಕ್ಷನ್ ಮುಗಿದಿತ್ತಲ್ಲ. ಸುಮ್ಮನೆ ಹೋಗಿ ಕೂರುವುದು. ಮಳೆ, ಭತ್ತ, ಮಗಳ ಮದುವೆ. ಏಳುವಾಗ, 'ಯಾಕ್ ಈ ಸಲ ನಮ್ ಕೈ ಬುಟ್ರಿ?' ಅಂತ ಒಂದೇ ಮಾತು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಟಿ.ವಿ. ಚರ್ಚೆಯಲ್ಲಿ ಕೇಳುವ ಉತ್ತರ ಒಂದೂ ಬರಲಿಲ್ಲ ಅಂತೇನಿಲ್ಲ. ಗ್ಯಾರಂಟಿ ಕಾರ್ಡು, ಜಾತಿ ಲೆಕ್ಕ, ಎಲ್ಲ ಬಂತು. ಆದರೆ ಒಬ್ಬ ಅಜ್ಜಿ ಹೇಳಿದ್ದು ನನಗೆ ಮರೆಯಲ್ಲ. 'ನೀನೊಬ್ನೇ ಬತ್ತೀಯ ಮಗ. ನಿನ್ನ ಬುಟ್ರೆ ಇನ್ಯಾರವ್ರೆ ನಿಮ್ ಪಾರ್ಟೀಲಿ?'

ಗ್ಯಾರಂಟಿ ಅಂದೆನಲ್ಲ, ನಮ್ಮ ಮನೆಯ ಲೆಕ್ಕವೇ ಸರಿ ಇಲ್ಲ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರು ಮಾಡಿದರು. ಅವ್ವನ ಖಾತೆಗೂ ತಿಂಗಳಿಗೆ 2,000 ರೂಪಾಯಿ. ನೋಟ್‌ಬುಕ್ಕಿನಲ್ಲಿ ನಮ್ಮ ಮನೆಯ ಸಾಲಿನಲ್ಲಿ ಅಪ್ಪನ ಮುಂದೆ ಟಿಕ್, ನನ್ನ ಮುಂದೆ ಊ.ಇ., ಅವ್ವನ ಮುಂದೆ ಟಿಕ್ಕಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ. ಯಾರಿಗೆ ಹಾಕಿದೆ ಅಂತ ಅವ್ವ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. 'ಗುಟ್ಟಾಗ್ ಹಾಕೋದು ತಾನೇ ಓಟು ಅಂದ್ರೆ?' ಅನ್ನುತ್ತಾಳೆ.

ಪಕ್ಷ ಸೋತು ಎದ್ದದ್ದು ಅಪ್ಪನಿಗೆ ಹೊಸದಲ್ಲ. 1989ರಲ್ಲಿ ಜನತಾದಳಕ್ಕೆ ಬಂದದ್ದು 24 ಸೀಟು, ಕಾಂಗ್ರೆಸ್ಸಿಗೆ 178. ದೇವೇಗೌಡರು ಆಗ ಜನತಾದಳದಲ್ಲೇ ಇರಲಿಲ್ಲ, ಬೇರೆ ಬಣ. ಹೊಳೆನರಸೀಪುರದಲ್ಲಿ ಅವರೂ ಸೋತರು. ಐದು ವರ್ಷದಲ್ಲಿ ಎಲ್ಲ ಒಂದಾಗಿ 1994ಕ್ಕೆ 115. ಮತ್ತೆ ಒಡೆದು 1999ರಲ್ಲಿ ಜೆಡಿಎಸ್‌ಗೆ 10, 2004ಕ್ಕೆ 58. ಅಂಕಿಗಳನ್ನು ನೋಡಿದರೆ ನಮ್ಮ ಕಾವೇರಿ ಥರ, ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಬಂಡೆ. ಇದನ್ನು ನಾನು ಆಫೀಸಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬ, 'ಬಿಜೆಪಿಗೆ 1984ರಲ್ಲಿ ಲೋಕಸಭೆಯಲ್ಲಿ ಎರಡೇ ಸೀಟು ಇತ್ತಲ್ಲ, ನಿಮ್ಮದೇನು ಮಹಾ' ಅಂದ. ಸಮಾಧಾನಕ್ಕೆ ಚೆನ್ನಾಗಿದೆ. ಆದರೆ ಆ ಎರಡರ ಹಿಂದೆ ಎಷ್ಟು ಊರಲ್ಲಿ ಎಷ್ಟು ಜನ ಸುತ್ತುತ್ತಿದ್ದರು ಅನ್ನೋದು ಸೀಟಿನ ಲೆಕ್ಕದಲ್ಲಿ ಕಾಣಲ್ಲ.

89ರ ಸೋಲಿನಿಂದ ಹೇಗೆ ಎದ್ದರು ಅಂತ ಅಪ್ಪನನ್ನು ಕೇಳಿದೆ. ಅವನು ದೊಡ್ಡವರ ಹೆಸರು ಹೇಳುತ್ತಾನೆ ಅಂದುಕೊಂಡಿದ್ದೆ. ಹೇಳಿದ್ದು ಒಬ್ಬರದೇ, ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನಿಸಿಕೊಂಡವರು. ಅವರು ತಂದ ಕಾನೂನಿನಿಂದ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ಆಯಿತು. ಊರೂರಲ್ಲೂ ಇಪ್ಪತ್ತೈದು, ಮೂವತ್ತು ವಯಸ್ಸಿನ ಹುಡುಗರು ನಿಂತು ಗೆದ್ದರು. ಅಪ್ಪ ಆಗ ಇಪ್ಪತ್ತರ ಆಸುಪಾಸು, ಅವರ ಹಿಂದೆ ಸೈಕಲ್ಲಿನಲ್ಲಿ. 'ಎಮ್ಮೆಲ್ಲೆ ಸೋತ್ರೂ ಮಂಡ್ಲ ಮೆಂಬ್ರು ಊರಲ್ಲಿದ್ದ. ಜನಕ್ಕೆ ನಲ್ಲಿ ಕೆಟ್ರೆ ಅವನ್ ಮನೆ ಗೊತ್ತಿತ್ತು. ಅಂಗಾಗಿ ಪಾರ್ಟಿ ಸಾಯ್ನಿಲ್ಲ.'

ಈಗ? ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಚುನಾವಣೆ ಕೊನೆಯದಾಗಿ ನಡೆದದ್ದು 2016ರಲ್ಲಿ. ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಬಂತು. ಇದು ಒಂದು ಪಕ್ಷದ ಕತೆ ಅಲ್ಲ. ಗೆದ್ದ ಪಕ್ಷಕ್ಕೆ ಅಧಿಕಾರ ಇರುವುದರಿಂದ ಹೇಗೋ ನಡೆಯುತ್ತೆ. ಸೋತ ಪಕ್ಷದ ಹುಡುಗನಿಗೆ ನಿಲ್ಲೋಕೆ ಮೆಟ್ಟಿಲೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ, ಏಳೆಂಟು ವರ್ಷ ಫ್ರೆಶರ್‌ಗಳನ್ನೇ ತಗೊಳ್ಳದ ಕಂಪನಿ ಒಂದು ದಿನ ಎದ್ದು ಸೀನಿಯರ್‌ಗಳೇ ಸಿಗ್ತಿಲ್ಲ ಅಂತ ಅತ್ತ ಹಾಗೆ. ಆಗ ಮಾಡೋದು ಒಂದೇ, ಬೇರೆ ಕಂಪನಿಯಿಂದ ಎತ್ತಿಕೊಂಡು ಬರೋದು. ಪಕ್ಕದ ನಂಜನಗೂಡಿನಲ್ಲಿ ಅದನ್ನು ಕಣ್ಣಾರೆ ನೋಡಿದ್ದೇವೆ. ವಿ. ಶ್ರೀನಿವಾಸ ಪ್ರಸಾದ್ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋದಾಗ, 2017ರ ಏಪ್ರಿಲ್‌ನ ಉಪಚುನಾವಣೆಗೆ ಕಾಂಗ್ರೆಸ್ ನಿಲ್ಲಿಸಿದ್ದು ಜೆಡಿಎಸ್‌ನಿಂದ ಬಂದ ಕಳಲೆ ಕೇಶವಮೂರ್ತಿಯವರನ್ನು. 21 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ಒಂದೇ ವರ್ಷಕ್ಕೆ, 2018ರಲ್ಲಿ, ಶ್ರೀನಿವಾಸ ಪ್ರಸಾದರ ಅಳಿಯ ಬಿ. ಹರ್ಷವರ್ಧನ್ ಬಿಜೆಪಿಯಿಂದ ಗೆದ್ದರು. 2023ರ ಮಾರ್ಚ್‌ನಲ್ಲಿ ಧ್ರುವನಾರಾಯಣ ತೀರಿಕೊಂಡರು, ಮೇನಲ್ಲಿ ಅವರ ಮಗ ದರ್ಶನ್ ಕಾಂಗ್ರೆಸ್ಸಿನಿಂದ ಗೆದ್ದರು. ಅಳಿಯ, ಮಗ. ಊರಿನ ಯಾವ ಹುಡುಗನಿಗೂ ಇದರಲ್ಲಿ ನನಗೊಂದು ಜಾಗ ಇದೆ ಅಂತ ಅನಿಸೋದು ಕಷ್ಟ. ಇದು ನನ್ನ ಅಭಿಪ್ರಾಯ. ಅಪ್ಪ ಒಪ್ಪಲ್ಲ. ಮಕ್ಕಳು ಅಪ್ಪನ ಕಸುಬು ಕಲಿಯೋದು ತಪ್ಪಾ ಅಂತ ನನ್ನ ಮುಖವನ್ನೇ ನೋಡುತ್ತಾನೆ.

2023ರ ಸೆಪ್ಟೆಂಬರ್ 22ಕ್ಕೆ ಜೆಡಿಎಸ್ ಎನ್‌ಡಿಎ ಸೇರಿತು. ರಾಜ್ಯಾಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ ವಿರೋಧಿಸಿದರು, ಅಕ್ಟೋಬರ್‌ನಲ್ಲಿ ಅವರನ್ನು ಇಳಿಸಿ ಕುಮಾರಸ್ವಾಮಿಯವರು ಅಧ್ಯಕ್ಷರಾದರು. ಸೋತ ಪಕ್ಷ ಉಳಿಯೋಕೆ ಇದೊಂದು ದಾರಿ ಅಂತ ಒಪ್ಪುವವರು ನಮ್ಮೂರಲ್ಲೂ ಇದ್ದರು. ನನಗೆ ಒಪ್ಪಿಗೆಯಾಗಲಿಲ್ಲ. ಫೋನಿನಲ್ಲಿ ಅಪ್ಪನ ಜೊತೆ ಜೋರಾಗಿಯೇ ಜಗಳ ಆಯಿತು. 'ಮೂವತ್ತು ವರ್ಷ ಯಾರ ವಿರುದ್ಧ ಓಟು ಕೇಳಿದೆಯೋ ಅವರಿಗೇ ಈಗ ಕೇಳ್ತೀಯಾ?' ಅಂದೆ. ಅಪ್ಪ ತಣ್ಣಗೆ, 'ನೀನು ಯಾರ್ಗಾರ ಒಂದಿನ ಕೇಳಿದ್ದೀಯಾ?' ಅಂದ. ಫೋನ್ ಇಟ್ಟೆ. ಹದಿನೈದು ದಿನ ಮಾತಾಡಲಿಲ್ಲ.

ಬೂತಿನ ತಂಡದಲ್ಲಿ ಅಪ್ಪನ ಜೊತೆ ಮೊದಲಿನಿಂದ ಇದ್ದವರು ಸೈಕಲ್ ಶಾಪಿನ ಭಾಯ್. ಹಬ್ಬಕ್ಕೆ ನಮ್ಮನೆಗೆ ಬಿರಿಯಾನಿ ಕಳಿಸುವವರು, ಯುಗಾದಿಗೆ ಅವ್ವನ ಒಬ್ಬಟ್ಟಿಗೆ ಕಾಯುವವರು. ಮೈತ್ರಿ ಆದ ವಾರ ಸಂಜೆ ಅವರೇ ಜಗುಲಿಗೆ ಬಂದು, 'ಅಣ್ಣ, ಇನ್ಮ್ಯಾಕೆ ನಂಗ್ ಆಗಕ್ಕಿಲ್ಲ' ಅಂದರಂತೆ. ಅಪ್ಪ ಕಾಫಿ ಕೊಡಿಸಿದ. ಬೇರೇನೂ ಮಾತಾಗಲಿಲ್ಲವಂತೆ. ಮಾರನೆ ದಿನದಿಂದಲೂ ಅಪ್ಪ ಎಂದಿನಂತೆ ಸಂಜೆ ಆರಕ್ಕೆ ಅವರ ಶಾಪಿನ ಮುಂದಿನ ಸ್ಟೂಲಿನ ಮೇಲೆ ಹೋಗಿ ಕೂರುತ್ತಾನೆ. ಪೇಪರ್ ಓದುತ್ತಾರೆ. ಪಾರ್ಟಿ ಮಾತು ಮಾತ್ರ ಇಲ್ಲ.

2024ರ ಏಪ್ರಿಲ್ 26, ಶುಕ್ರವಾರ, ಲೋಕಸಭೆ ಚುನಾವಣೆ. ನಮ್ಮದು ಚಾಮರಾಜನಗರ ಕ್ಷೇತ್ರಕ್ಕೆ ಸೇರುತ್ತೆ. ಈ ಸಲ ಗುರುವಾರ ಸಂಜೆಯೇ ಬಸ್ ಹತ್ತಿದ್ದೆ, ಯಾರಿಗೂ ಹೇಳದೆ. ರಾತ್ರಿ ಬಾಗಿಲು ತೆಗೆದ ಅಪ್ಪ, 'ಬಂದ್ಯಾ' ಅಂದ, ಅಷ್ಟೇ. ಮೈತ್ರಿಯ ಅಭ್ಯರ್ಥಿ ಬಿಜೆಪಿಯ ಎಸ್. ಬಾಲರಾಜ್. ಅವರ ಏಜೆಂಟ್ ಬೇರೆ ಹುಡುಗ. 1994ರ ಮೇಲೆ ಮೊದಲ ಸಲ ಅಪ್ಪ ಬೆಂಚಿನ ಮೇಲೆ ಕೂರದೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತ. ನನ್ನ ಹಿಂದೆ. ಕೈ ಎಲ್ಲಿಡಬೇಕು ಅಂತ ಗೊತ್ತಾಗದವನ ಹಾಗೆ ಓಟರ್ ಐಡಿಯನ್ನು ಜೇಬಿಗೆ ಹಾಕುವುದು, ತೆಗೆಯುವುದು. ಒಳಗೆ ಹೋದಾಗ ಆ ಹೊಸ ಹುಡುಗ ಪಟ್ಟಿಯಲ್ಲಿ ನನ್ನ ಹೆಸರು ಹುಡುಕುತ್ತಾ ತಡವರಿಸುತ್ತಿದ್ದ. ಅಪ್ಪ ಹಿಂದಿನಿಂದ ಕ್ರಮಸಂಖ್ಯೆ ಹೇಳಿದ. ಅವನಿಗೆ ಬಾಯಿಪಾಠ. ಯಾರಿಗೆ ಹಾಕಿದ ಅಂತ ನಾನು ಕೇಳಲಿಲ್ಲ. ಅವ್ವನ ಮಾತೇ ಸರಿ. ಜೂನ್ 4ಕ್ಕೆ ಎಣಿಕೆ ಆದಾಗ ಮಹದೇವಪ್ಪನವರ ಮಗ ಸುನಿಲ್ ಬೋಸ್ 1 ಲಕ್ಷ 88 ಸಾವಿರ ಅಂತರದಿಂದ ಗೆದ್ದರು. ಅತ್ತ ಮಂಡ್ಯದಲ್ಲಿ ಕುಮಾರಸ್ವಾಮಿ, ಕೋಲಾರದಲ್ಲಿ ಇನ್ನೊಬ್ಬರು ಗೆದ್ದು ಜೆಡಿಎಸ್‌ಗೆ ಎರಡು ಸೀಟು ಬಂತು, ಕುಮಾರಸ್ವಾಮಿ ಕೇಂದ್ರ ಮಂತ್ರಿಯಾದರು. ಮೇಲಿನಿಂದ ನೋಡಿದರೆ ಪಕ್ಷ ಎದ್ದ ಹಾಗೇ. ನಮ್ಮ ಬೀದಿಯಲ್ಲಿ ನೋಡಿದರೆ ಮೂವತ್ತು ವರ್ಷದ ಏಜೆಂಟ್ ಸಾಲಿನಲ್ಲಿ ನಿಂತಿದ್ದ. ಎರಡೂ ನಿಜ.

2025ರ ಜೂನ್‌ನಲ್ಲಿ ನಿಖಿಲ್ ಕುಮಾರಸ್ವಾಮಿ 'ಜನರೊಂದಿಗೆ ಜನತಾದಳ' ಅಂತ ರಾಜ್ಯ ಪ್ರವಾಸ ಶುರು ಮಾಡಿದರು. ರಾಮನಗರ, ಚನ್ನಪಟ್ಟಣ ಎರಡರಲ್ಲೂ ಸೋತು ಬಂದವರು. ಜೊತೆಗೆ ಸದಸ್ಯತ್ವ ಅಭಿಯಾನ, ಮಿಸ್ಡ್ ಕಾಲ್ ಕೊಟ್ಟರೆ ಸದಸ್ಯರು. ಅಪ್ಪನಿಗೆ ಹುರುಪು ಬಂತು. ಮೊದಲ ಗಿರಾಕಿ ಅವ್ವ. 'ಒಂದ್ ಮಿಸ್ ಕಾಲ್ ಕೊಡೆ' ಅಂದ. ಕೊಟ್ಟಳು. 'ಮರಳು ಬಾಚದಂಗೆ ಇದು, ಬಾಚ್ತಾನೇ ಇರು' ಅಂತ ನಕ್ಕಳು. ನಮ್ಮೂರಲ್ಲಿ ಪಂಚಲಿಂಗ ದರ್ಶನ ಬಂದರೆ ದೇವಸ್ಥಾನದ ಸುತ್ತಲಿನ ಮರಳು ತೆಗೆದು ದಾರಿ ಮಾಡುತ್ತಾರೆ. 2013ರಲ್ಲಿ ಮಾಡಿದರು, 2020ರಲ್ಲಿ ಮತ್ತೆ ಮಾಡಿದರು. ಗಾಳಿ ತನ್ನ ಕೆಲಸ ತಾನು ಮಾಡುತ್ತೆ.

ಮಿಸ್ಡ್ ಕಾಲ್ ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಅಪ್ಪನ ತಲೆಯಲ್ಲಿ ಇದ್ದದ್ದು ಬೇರೆ. ಒಂದು ಭಾನುವಾರ ನನ್ನನ್ನು ಕರೆದು ಕೂರಿಸಿಕೊಂಡ. ನೋಟ್‌ಬುಕ್ ತೆಗೆದ. 'ಕಣ್ಣು ಕಾಣಕ್ಕಿಲ್ಲ ಕಣಪ್ಪ. ಇದ್ನೆಲ್ಲ ನಿನ್ ಕಂಪ್ಯೂಟ್ರಿಗೆ ಹಾಕು. ಊರಲ್ಲಿಲ್ಲ ಅಂತ ಬರ್ದಿದ್ದೀನಲ್ಲ, ಅವರ್ನೆಲ್ಲ ಬ್ಯಾರೆ ಹಾಳೇಲ್ ಹಾಕು. ಫೋನ್ ನಂಬ್ರ ಸಮೇತ.'

'ಅವರಿಗೆಲ್ಲ ಫೋನ್ ಮಾಡಿ ಏನ್ ಹೇಳ್ತೀಯ?'

'ಪಂಚಾಯ್ತಿ ಎಲೆಕ್ಷನ್ ಬಂದಾಗ ನಿಲ್ತೀಯಾ ಅಂತ ಕೇಳ್ತೀನಿ. ನಿಲ್ದಿದ್ರೆ ಬೂತಲ್ಲಿ ಕೂತ್ಕತೀಯಾ ಅಂತ. ಅದೂ ಇಲ್ದಿದ್ರೆ ಹೆಂಗಿದ್ದೀಯಪ್ಪಾ ಅಂತ.'

'ನಿಮ್ ಪಾರ್ಟಿ ನಂಗೆ ಬೇಡ ಅಂದ್ರೆ?'

'ಯಾಕ್ ಬ್ಯಾಡ ಅಂತ ಬರ್ಕತೀನಿ.'

ಟೈಪ್ ಮಾಡುತ್ತಾ ಹೋದೆ. ನನ್ನ ಫೋನಿನಲ್ಲಿ ಬೇರೆ ಒಂದು ವಿಷಯ ಅರ್ಧಕ್ಕೆ ನಿಂತಿತ್ತು, ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ಓಟನ್ನು ಬೆಂಗಳೂರಿಗೆ ವರ್ಗಾಯಿಸೋಕೆ ಫಾರಂ 8. ವಿಳಾಸ ತುಂಬಿ, ಸಬ್ಮಿಟ್ ಒತ್ತದೆ ಬಿಟ್ಟಿದ್ದೆ. ಕಾನೂನಿನ ಪ್ರಕಾರ ನೋಡಿದರೆ ಅದೇ ಸರಿ, ನಾನಿರೋದು ಅಲ್ಲಿ ತಾನೇ.

ಭಾಯ್ ಹೆಸರು ಬಂತು. ಅವರ ಮುಂದೆ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. 'ಇವರಿಗೆ ಏನ್ ಹಾಕ್ಲಿ? ಪಕ್ಷ ಬಿಟ್ಟರು ಅಂತಾನಾ?'

'ಖಾಲಿ ಬುಡು,' ಅಂದ ಅಪ್ಪ.

ಖಾಲಿ ಬಿಟ್ಟೆ. ಮುಂದಿನ ಪುಟದಲ್ಲಿ ನಮ್ಮ ಮನೆ. ಅಪ್ಪನದು ಆಯಿತು, ಅವ್ವನದು ಆಯಿತು, ಪ್ರಶ್ನೆ ಚಿಹ್ನೆ ಸಮೇತ. ಆಮೇಲೆ ನನ್ನ ಸಾಲು. ಊರಲ್ಲಿಲ್ಲ ಅಂತ ಟೈಪ್ ಮಾಡಿ ಕೆಳಗಿನ ಸಾಲಿಗೆ ಹೋಗುತ್ತಿದ್ದೆ.

'ಫೋನ್ ನಂಬ್ರ ಹಾಕ್ನಿಲ್ಲ,' ಅಂದ.

'ನಂದು ನಿನ್ನ ಹತ್ರ ಇದೆಯಲ್ಲಪ್ಪ.'

'ಅದು ಮನೆ ಲೆಕ್ಕಕ್ಕೆ. ಇದು ಬೂತಿನ ಲೆಕ್ಕ. ಹಾಕ್ಲಾ.'

ಹಾಕಿದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು, ಪರದೆಯ ಹತ್ತಿರ ಬಗ್ಗಿ, ಹತ್ತೂ ಅಂಕಿಗಳನ್ನು ಒಂದೊಂದಾಗಿ ಓದಿ ಸರಿ ಇದೆಯಾ ಅಂತ ನೋಡಿದ. ಆಮೇಲೆ ಪುಟ ತಿರುಗಿಸಿದ.